ಅಮ್ಮನ ಮರೆವು, ಅಣ್ಣನ ಜೀನ್ ವರದಿ: ನಾನೂ ಪರೀಕ್ಷೆ ಮಾಡಿಸಬೇಕೇ?

ಪ್ರಶ್ನೆ: ನಾನು 46 ವರ್ಷದ ಹೆಂಗಸು, ಊರು ಶಿವಮೊಗ್ಗ. ಅಮ್ಮನಿಗೆ 72. ಮೂರು ವರ್ಷದಿಂದ ಮರೆವು ಹೆಚ್ಚುತ್ತಾ ಬಂದು, ಹೋದ ವರ್ಷ ಆಲ್ಜೈಮರ್ಸ್ ಎಂದು ಡಾಕ್ಟರು ಹೇಳಿದರು. ಅಮ್ಮನ ತಾಯಿಗೂ 80ರ ಹತ್ತಿರ ಹೀಗೇ ಆಗಿತ್ತು; ಆಗ ಎಲ್ಲರೂ ವಯಸ್ಸಿನ ಅರಳುಮರಳು ಅಂದುಕೊಂಡಿದ್ದರು. ಅಪ್ಪ ಅಮ್ಮನಿಗೆ ಸೋದರಮಾವ, ಅಂದರೆ ಅಜ್ಜಿಯ ಕೊನೆಯ ತಮ್ಮ. ಅವರಿಗೆ 81, ಬಿಪಿ ಒಂದು ಬಿಟ್ಟರೆ ಗಟ್ಟಿಯಾಗಿದ್ದಾರೆ. ಅಪ್ಪನ ತಂದೆ 94 ವರ್ಷ ಬದುಕಿದರು, ಕೊನೆಯವರೆಗೂ ತೋಟದ ಲೆಕ್ಕ ತಾವೇ ಬರೆಯುತ್ತಿದ್ದರು. ಅಮೆರಿಕದಲ್ಲಿರುವ ಅಣ್ಣ ಎಂಜಲು ಕಳಿಸಿ ಮಾಡಿಸುವ ಜೀನ್ ಪರೀಕ್ಷೆ ಮಾಡಿಸಿಕೊಂಡಿದ್ದಾನೆ. ‘ಎಪಿಒಇ ಇ4, ಒಂದು ಪ್ರತಿ’ ಎಂದು ಬಂದಿದೆ. ನಾನೂ ಮಾಡಿಸಬೇಕೇ? ಸಂಬಂಧದಲ್ಲೇ ಮದುವೆ ಆಗಿರುವುದರಿಂದ ನಮಗೆ ಅಪಾಯ ಜಾಸ್ತಿಯೇ? ಅಜ್ಜನ ಆಯಸ್ಸು ಬರುತ್ತದೋ, ಅಜ್ಜಿಯ ಕಾಯಿಲೆ ಬರುತ್ತದೋ? ಈಚೆಗೆ ನನಗೂ ಹೆಸರುಗಳು ತಟ್ಟನೆ ನೆನಪಾಗುವುದಿಲ್ಲ. ಈಗಿನಿಂದ ಏನು ಮಾಡಬಹುದು?

ಉತ್ತರ: ನಿಮ್ಮ ಪತ್ರದಲ್ಲಿ ಎಲ್ಲಕ್ಕಿಂತ ಮುಖ್ಯವಾದ ಮಾಹಿತಿ ವಯಸ್ಸು. ಅಮ್ಮನಿಗೆ ಮರೆವು ಶುರುವಾದದ್ದು 69ಕ್ಕೆ, ಅಜ್ಜಿಗೆ 80ರ ಸುಮಾರಿಗೆ. ಈ ಎರಡು ಅಂಕಿಗಳಿಂದಲೇ ನಿಮ್ಮ ದೊಡ್ಡ ಹೆದರಿಕೆಯೊಂದನ್ನು ಪಕ್ಕಕ್ಕಿಡಬಹುದು.

ಒಂದೇ ಒಂದು ಜೀನಿನ ದೋಷದಿಂದ ಮನೆತನದಲ್ಲಿ ಇಳಿದು ಬರುವ ಆಲ್ಜೈಮರ್ಸ್ ಇರುವುದು ನಿಜ. ಎಪಿಪಿ, ಪಿಎಸ್‌ಇಎನ್1, ಪಿಎಸ್‌ಇಎನ್2 ಎಂಬ ಮೂರು ಜೀನ್‌ಗಳಲ್ಲಿ ಯಾವುದೋ ಒಂದು ಕೆಟ್ಟಿರುತ್ತದೆ. ತಂದೆಗೋ ತಾಯಿಗೋ ಆ ದೋಷ ಇದ್ದರೆ ಪ್ರತಿ ಮಗುವಿಗೂ ಅದು ಬರುವ ಸಾಧ್ಯತೆ ಶೇ 50. ಬಂದರೆ ಕಾಯಿಲೆ ಬಹುತೇಕ ಖಚಿತ. ಆದರೆ ಈ ಬಗೆಯ ಕಾಯಿಲೆ ಸಾಮಾನ್ಯವಾಗಿ 60ರೊಳಗೇ ಕಾಣಿಸಿಕೊಳ್ಳುತ್ತದೆ. ಕೊಲಂಬಿಯಾ ದೇಶದ ಆಂಟಿಯೋಕಿಯಾದಲ್ಲಿ ನರರೋಗ ತಜ್ಞ ಫ್ರಾನ್ಸಿಸ್ಕೊ ಲೊಪೆರಾ ದಶಕಗಳ ಕಾಲ ಅಧ್ಯಯನ ಮಾಡಿದ ದೊಡ್ಡ ಬಳಗವೊಂದಿದೆ. ಅವರಲ್ಲಿ 44ರ ಆಸುಪಾಸಿಗೆ ಮರೆವು ತೋರಿ, 49ಕ್ಕೆಲ್ಲ ಡಿಮೆನ್ಶಿಯಾ (ದಿನದ ಬದುಕನ್ನೇ ಕೆಡಿಸುವಷ್ಟು ಬುದ್ಧಿಶಕ್ತಿ ಕುಸಿಯುವುದು; ಆಲ್ಜೈಮರ್ಸ್ ಅದರ ಒಂದು ಬಗೆ) ಆಗಿಬಿಡುತ್ತದೆ. (ಆ ಬಳಗದ ಒಬ್ಬ ಮಹಿಳೆ ಮಾತ್ರ ಅದೇ ದೋಷ ಹೊತ್ತೂ 70ರ ತನಕ ಚೆನ್ನಾಗಿದ್ದರು. ಎಪಿಒಇ ಜೀನಿನ ಒಂದು ಅಪರೂಪದ ರೂಪ ಎರಡು ಪ್ರತಿ ಇದ್ದದ್ದು ಅವರನ್ನು ಕಾಪಾಡಿರಬೇಕು ಎಂದು 2019ರಲ್ಲಿ ವರದಿಯಾಯಿತು. ಅಷ್ಟು ಗಟ್ಟಿ ದೋಷವೂ ಕೊನೆಯ ಮಾತಲ್ಲ ಎಂದು ಅದರಿಂದ ತಿಳಿಯಿತು.) ಜಗತ್ತಿನ ಒಟ್ಟು ಆಲ್ಜೈಮರ್ಸ್‌ನಲ್ಲಿ ಈ ಬಗೆ ಶೇ 1ಕ್ಕೂ ಕಡಿಮೆ. ನಿಮ್ಮ ಮನೆಯಲ್ಲಿ 60ರೊಳಗೆ ಯಾರಿಗೂ ಶುರುವಾಗಿಲ್ಲ. ಈ ಮೂರು ಜೀನ್‌ಗಳ ಪರೀಕ್ಷೆ ನಿಮಗೆ ಬೇಕಿಲ್ಲ.

ಅಣ್ಣನ ವರದಿಯಲ್ಲಿ ಇರುವುದು ಏನು

ಎಪಿಒಇ 19ನೇ ಕ್ರೋಮೋಸೋಮಿನ ಮೇಲಿರುವ ಜೀನ್. ಎಲ್ಲರಲ್ಲೂ ಅದರ ಎರಡು ಪ್ರತಿ ಇರುತ್ತವೆ, ತಾಯಿಯಿಂದ ಒಂದು, ತಂದೆಯಿಂದ ಒಂದು. ರಕ್ತದಲ್ಲೂ ಮಿದುಳಲ್ಲೂ ಕೊಬ್ಬನ್ನು ಸಾಗಿಸುವ ಪ್ರೋಟೀನ್ ಒಂದನ್ನು ತಯಾರಿಸುವುದು ಅದರ ಕೆಲಸ. ಆ ಪ್ರೋಟೀನಿನ 299 ಅಮೈನೊ ಆಮ್ಲಗಳಲ್ಲಿ 112 ಮತ್ತು 158ನೇ ಜಾಗಗಳಲ್ಲಿ ಆಗುವ ಸಣ್ಣ ವ್ಯತ್ಯಾಸದಿಂದ ಇ2, ಇ3, ಇ4 ಎಂಬ ಮೂರು ರೂಪಗಳಿವೆ. ನಮ್ಮಲ್ಲಿ ಹೆಚ್ಚಿನವರದು ಇ3. ಇ4 ಇದ್ದವರ ಮಿದುಳಿನಲ್ಲಿ ಅಮಿಲಾಯ್ಡ್ ಎಂಬ ಪ್ರೋಟೀನ್ ಸರಿಯಾಗಿ ತೆರವಾಗದೆ ಬೇಗ ಶೇಖರವಾಗತೊಡಗುತ್ತದೆ. ಇ2 ಇದ್ದರೆ ಅದು ತಡವಾಗುತ್ತದೆ. ಇ4ಕ್ಕೂ ಆಲ್ಜೈಮರ್ಸ್‌ಗೂ ಇರುವ ನಂಟು ಹೊರಬಿದ್ದದ್ದು 1993ರಲ್ಲಿ, ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದಲ್ಲಿ.

‘ಮೂರು ಪಟ್ಟು ಅಪಾಯ’ ಎಂಬ ಮಾತನ್ನು ಅಣ್ಣ ಓದಿರಬಹುದು. ಪಟ್ಟಿನ ಲೆಕ್ಕ ಹೆದರಿಸುತ್ತದೆ, ತಿಳಿವು ಕೊಡುವುದಿಲ್ಲ. ನೂರು ಜನರಲ್ಲಿ ಎಷ್ಟು ಎಂದು ಕೇಳಿ. 2011ರಲ್ಲಿ ಪ್ರಕಟವಾದ, ಬಿಳಿಯ ಜನಾಂಗದವರ ಅಂಕಿಅಂಶ ಆಧರಿಸಿದ ಅಂದಾಜಿನಂತೆ, 85 ತುಂಬುವುದರೊಳಗೆ ಆಲ್ಜೈಮರ್ಸ್ ಬರುವವರು ಒಟ್ಟಾರೆ 100 ಗಂಡಸರಲ್ಲಿ 11, 100 ಹೆಂಗಸರಲ್ಲಿ 14. ಇ4 ಒಂದು ಪ್ರತಿ ಇದ್ದರೆ ಗಂಡಸರಲ್ಲಿ 23, ಹೆಂಗಸರಲ್ಲಿ 30. ಎರಡು ಪ್ರತಿ ಇದ್ದರೆ 51 ಮತ್ತು 60. ಅಂದರೆ ಅಣ್ಣನಂಥ 100 ಗಂಡಸರಲ್ಲಿ 77 ಮಂದಿ 85ರವರೆಗೂ ಈ ಕಾಯಿಲೆಯಿಲ್ಲದೆ ಇರುತ್ತಾರೆ. ಒಂದು ಪ್ರತಿಗೂ ಎರಡು ಪ್ರತಿಗೂ ಇರುವ ಅಂತರವನ್ನು ಮಾತ್ರ ಹಗುರವಾಗಿ ತೆಗೆದುಕೊಳ್ಳಬಾರದು. ಎರಡು ಪ್ರತಿ ಇದ್ದವರಲ್ಲಿ ಬಹುತೇಕ ಎಲ್ಲರ ಮಿದುಳಲ್ಲೂ 65ರ ಹೊತ್ತಿಗೆ ಕಾಯಿಲೆಯ ಗುರುತುಗಳು ಸಿಗುತ್ತವೆ ಎಂದು 2024ರ ಅಧ್ಯಯನವೊಂದು ತೋರಿಸಿದೆ.

ಭಾರತದ ಮಾತು ಸ್ವಲ್ಪ ಬೇರೆ. ಹರಿಯಾಣದ ಬಲ್ಲಭಗಢದ ಹಳ್ಳಿಗಳಲ್ಲಿ ನಡೆದ ಭಾರತ–ಅಮೆರಿಕ ಜಂಟಿ ಅಧ್ಯಯನದಲ್ಲಿ ಒಟ್ಟು ಎಪಿಒಇ ಪ್ರತಿಗಳಲ್ಲಿ ಇ4ರ ಪ್ರಮಾಣ ಶೇ 7ರಷ್ಟಿತ್ತು. ಹೋಲಿಕೆಗೆ ತೆಗೆದುಕೊಂಡ ಅಮೆರಿಕದ ಪ್ರದೇಶದಲ್ಲಿ ಶೇ 11. ಇದ್ದವರಿಗೆ ಅಪಾಯ ಹೆಚ್ಚುವುದು ಮಾತ್ರ ಎರಡೂ ಕಡೆ ಒಂದೇ ತೆರನಾಗಿ ಕಂಡಿತು. ನಮ್ಮ ಜನರ ಲೆಕ್ಕ ನಮಗೇ ಸಿಗಬೇಕೆಂದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮಿದುಳು ಸಂಶೋಧನಾ ಕೇಂದ್ರವು ಕೋಲಾರ ಜಿಲ್ಲೆಯ ಶ್ರೀನಿವಾಸಪುರ ತಾಲೂಕಿನಲ್ಲಿ 45 ದಾಟಿದ ಹತ್ತು ಸಾವಿರ ಗ್ರಾಮಸ್ಥರನ್ನು ವರ್ಷಗಟ್ಟಲೆ ಹಿಂಬಾಲಿಸುವ ಅಧ್ಯಯನ ಕೈಗೊಂಡಿದೆ. ಜೀನ್, ರಕ್ತ, ಸ್ಕ್ಯಾನ್, ನೆನಪಿನ ಪರೀಕ್ಷೆ ಎಲ್ಲವೂ ಅದರಲ್ಲಿವೆ. ಅಂಥ ಕೆಲಸದಿಂದ ನಮ್ಮದೇ ಅಂಕಿಗಳು ಗಟ್ಟಿಯಾಗುವವರೆಗೆ, ವಿದೇಶದ ಲೆಕ್ಕವನ್ನು ದಿಕ್ಕು ತಿಳಿಯಲು ಬಳಸಬಹುದು. ನಿಮ್ಮ ಹೆಸರಿನ ಮುಂದೆ ಬರೆದ ಭವಿಷ್ಯ ಎಂದು ಓದಬಾರದು.

ಸೋದರಮಾವನ ಮದುವೆಯ ಲೆಕ್ಕ

ಇದನ್ನು ಕೇಳಿದ್ದು ಒಳ್ಳೆಯದಾಯಿತು. ನಮ್ಮಲ್ಲಿ ಎಷ್ಟೋ ಮನೆಗಳ ಪ್ರಶ್ನೆ ಇದು, ವಿದೇಶದ ಪುಸ್ತಕಗಳಲ್ಲಿ ಉತ್ತರ ಸಿಗುವುದಿಲ್ಲ.

ಸಂಬಂಧದ ಮದುವೆಯಿಂದ ಇ4 ಹೊಸದಾಗಿ ಹುಟ್ಟುವುದಿಲ್ಲ. ಆಗುವುದೇನೆಂದರೆ, ಒಬ್ಬ ಹಿರಿಯರ ಒಂದೇ ಜೀನ್ ತಂದೆ ಮತ್ತು ತಾಯಿ ಎರಡೂ ದಾರಿಯಿಂದ ಮಗುವಿಗೆ ತಲುಪುವ ಅವಕಾಶ ಹೆಚ್ಚುತ್ತದೆ. ಸೋದರಮಾವ–ಸೊಸೆಯ ಮದುವೆಯಲ್ಲಿ ಆ ಅವಕಾಶ ಎಂಟರಲ್ಲಿ ಒಂದು. ಅತ್ತೆ ಮಗ–ಮಾವನ ಮಗಳ ಮದುವೆಯಲ್ಲಿ ಹದಿನಾರರಲ್ಲಿ ಒಂದು. ಇ4ರ ಪ್ರಮಾಣ ಶೇ 7 ಎಂದಿಟ್ಟುಕೊಂಡರೆ, ಸಂಬಂಧವಿಲ್ಲದವರ ಮಕ್ಕಳಲ್ಲಿ ಎರಡು ಪ್ರತಿ ಇರುವವರು ಸಾವಿರಕ್ಕೆ ಸುಮಾರು 5. ಸೋದರಮಾವನನ್ನು ಮದುವೆಯಾದವರ ಮಕ್ಕಳಲ್ಲಿ ಸುಮಾರು 13. ಹೆಚ್ಚಳ ಇದೆ. ಆದರೂ ಉಳಿದ 987 ಮಂದಿಗೆ ಎರಡು ಪ್ರತಿ ಇರುವುದಿಲ್ಲ.

ಇದು ಊರಿನ ಲೆಕ್ಕ. ನಿಮ್ಮ ಮನೆಯ ಲೆಕ್ಕ ಹೀಗೆ: ಅಣ್ಣನ ಒಂದು ಪ್ರತಿ ಅಮ್ಮನಿಂದಲೂ ಬಂದಿರಬಹುದು, ಅಪ್ಪನಿಂದಲೂ ಬಂದಿರಬಹುದು, ಅವರ ವರದಿ ಅದನ್ನು ಹೇಳುವುದಿಲ್ಲ. ತಂದೆ–ತಾಯಿಯಲ್ಲಿ ಒಬ್ಬರಿಗೆ ಮಾತ್ರ, ಅದೂ ಒಂದೇ ಪ್ರತಿ ಇದ್ದರೆ, ನಿಮಗೆ ಬಂದಿರುವ ಸಾಧ್ಯತೆ ಅರ್ಧ. ಎರಡು ಪ್ರತಿ ಬರುವ ಪ್ರಶ್ನೆಯೇ ಇಲ್ಲ. ಇಬ್ಬರಿಗೂ ಒಂದೊಂದು ಇದ್ದರೆ, ನಿಮಗೆ ಒಂದೂ ಇಲ್ಲದಿರುವ ಸಾಧ್ಯತೆ ಕಾಲು ಭಾಗ, ಒಂದು ಇರುವುದು ಅರ್ಧ, ಎರಡೂ ಇರುವುದು ಕಾಲು ಭಾಗ. ಅಮ್ಮನಿಗೇ ಎರಡು ಇದ್ದರೆ ನಿಮಗೆ ಒಂದಂತೂ ಬಂದೇ ಇರುತ್ತದೆ. ಇನ್ನೊಂದು ವಿಷಯ: ಅಮ್ಮನ ಕಾಯಿಲೆಗೆ ಇ4 ಕಾರಣವೇ ಅಲ್ಲದಿರಬಹುದು. ಇ4 ಹೆಚ್ಚಾಗಿರುವ ಪಾಶ್ಚಾತ್ಯ ದೇಶಗಳಲ್ಲೂ ಆಲ್ಜೈಮರ್ಸ್ ಇರುವ ಬಹಳಷ್ಟು ಮಂದಿಯಲ್ಲಿ ಇ4 ಇರುವುದಿಲ್ಲ.

ಅಜ್ಜನೋ ಅಜ್ಜಿಯೋ ಎಂದು ಕೇಳಿದ್ದೀರಿ. ನಿಮ್ಮ ವಂಶವೃಕ್ಷ ಬರೆದು ನೋಡಿ. 94 ವರ್ಷ ಬದುಕಿದ ಅಜ್ಜ ನಿಮ್ಮ ಅಪ್ಪನಿಗೂ ತಂದೆ, ಅಜ್ಜಿಗೂ ತಂದೆ. ಅವರ ಅರ್ಧ ಜೀನ್ ಅಜ್ಜಿಗೂ ಬಂದಿತ್ತು, ಆದರೂ ಅಜ್ಜಿಗೆ ಮರೆವಿನ ಕಾಯಿಲೆ ಬಂತು. ಹಾಗಾಗಿ ಒಂದು ಕಡೆ ಆಯಸ್ಸು, ಒಂದು ಕಡೆ ಕಾಯಿಲೆ ಎಂದು ಪಾಲು ಮಾಡಲು ಬರುವುದಿಲ್ಲ. ಅಮ್ಮನ ತಂದೆಯ ಬಗ್ಗೆ ನೀವು ಏನೂ ಬರೆದಿಲ್ಲ. ಅಮ್ಮನಿಗೆ ಅರ್ಧ ಜೀನ್ ಕೊಟ್ಟವರು ಅವರೂ ಹೌದು. ಅವರು ಎಷ್ಟು ವರ್ಷ ಬದುಕಿದರು, ಬಿಪಿ, ಸಕ್ಕರೆ ಕಾಯಿಲೆ, ಲಕ್ವ ಇತ್ತೇ ಎಂದು ಅಪ್ಪನನ್ನು ಈಗಲೇ ಕೇಳಿ ಬರೆದಿಟ್ಟುಕೊಳ್ಳಿ. 40–50ರಲ್ಲೇ ಮತ್ತೆ ಮತ್ತೆ ಲಕ್ವ, ಜೊತೆಗೆ ಮೈಗ್ರೇನ್ ಇದ್ದವರು ಯಾರಾದರೂ ಸಿಕ್ಕರೆ ಡಾಕ್ಟರಿಗೆ ಹೇಳಲೇಬೇಕು. ನಾಚ್3 ಎಂಬ ಬೇರೊಂದು ಜೀನಿನ ಕಾಯಿಲೆ ಹಾಗೆ ಬರುತ್ತದೆ.

ದೀರ್ಘಾಯಸ್ಸಿನಲ್ಲಿ ಜೀನಿನ ಪಾಲು ಜನ ತಿಳಿದಷ್ಟು ದೊಡ್ಡದಲ್ಲ. ಡೆನ್ಮಾರ್ಕಿನ ಅವಳಿಗಳ ಅಧ್ಯಯನ ಅದನ್ನು ಸುಮಾರು ಕಾಲು ಭಾಗ ಎಂದಿತು. ತೀರ ಮುಪ್ಪಿನ ತನಕ ಬದುಕಿದವರಲ್ಲಿ ಒಂದು ಅಧ್ಯಯನದಿಂದ ಇನ್ನೊಂದಕ್ಕೆ ಮತ್ತೆ ಮತ್ತೆ ಸಿಕ್ಕ ಜೀನ್‌ಗಳು ಮುಖ್ಯವಾಗಿ ಎರಡೇ: 2008ರಲ್ಲಿ ಹವಾಯಿಯ ಜಪಾನಿ ಮೂಲದ ಗಂಡಸರಲ್ಲಿ ಕಂಡ ಫಾಕ್ಸ್‌ಒ3, ಮತ್ತು ಇದೇ ಎಪಿಒಇ. ಶತಾಯುಷಿಗಳಲ್ಲಿ ಇ4 ಕಡಿಮೆ, ಇ2 ಹೆಚ್ಚು. 65ರ ನಂತರ ಪ್ರತಿ ಐದು ವರ್ಷಕ್ಕೆ ಡಿಮೆನ್ಶಿಯಾ ಅಪಾಯ ಸುಮಾರು ಇಮ್ಮಡಿಯಾಗುತ್ತಾ ಹೋಗುವುದರಿಂದ ಬರೀ ಹೆಚ್ಚು ಕಾಲ ಬದುಕುವುದು ರಕ್ಷಣೆಯಲ್ಲ. ಅಜ್ಜನ ಹಾಗೆ ಕೊನೆಯವರೆಗೆ ಲೆಕ್ಕ ಬರೆಯುವಂತಿರಬೇಕಾದರೆ ಮಿದುಳಿಗೆ ರಕ್ತ ಒಯ್ಯುವ ನಾಳಗಳು ಚೆನ್ನಾಗಿರಬೇಕು. ಅದರಲ್ಲಿ ನಿಮ್ಮ ಕೈಯಲ್ಲಿರುವುದು ಬಹಳವಿದೆ.

ಪರೀಕ್ಷೆ ಮಾಡಿಸಬೇಕೇ?

ನನ್ನ ಅಭಿಪ್ರಾಯ: ಈಗ ಬೇಡ. ಫಲಿತಾಂಶ ಏನೇ ಬಂದರೂ ಮುಂದಿನ ಇಪ್ಪತ್ತು ವರ್ಷ ನೀವು ಮಾಡಬೇಕಾದದ್ದು ಒಂದೇ. ಇ4 ಇಲ್ಲವೆಂದು ಬಂದರೆ ಬಿಪಿಯ ನಿಗಾ ಬಿಡುವಂತಿಲ್ಲ. ಇದೆಯೆಂದು ಬಂದರೆ ಕೊಡಲು ಬೇರೆ ಮಾತ್ರೆಯಿಲ್ಲ. ತಿಳಿದುಕೊಂಡವರೆಲ್ಲ ಕುಸಿದುಹೋಗುತ್ತಾರೆ ಎಂದೂ ಅಲ್ಲ. ಸರಿಯಾದ ಸಮಾಲೋಚನೆಯೊಂದಿಗೆ ಫಲಿತಾಂಶ ತಿಳಿಸಿದಾಗ ಹೆಚ್ಚಿನವರು ಅದನ್ನು ತಾಳಿಕೊಂಡರು ಎಂದು ಅಮೆರಿಕದ ಅಧ್ಯಯನವೊಂದು 2009ರಲ್ಲಿ ತೋರಿಸಿತು. ಸಮಾಲೋಚನೆ ಎಂಬುದೇ ಅಲ್ಲಿ ಮುಖ್ಯ. ರಾತ್ರಿ ಮೊಬೈಲಿನಲ್ಲಿ ಒಬ್ಬರೇ ವರದಿ ತೆರೆಯುವುದು ಬೇರೆ.

ಆದರೂ ತಿಳಿಯಲೇಬೇಕು ಅನಿಸಿದರೆ ಮನೆಗೆ ತರಿಸುವ ಕಿಟ್ ಬೇಡ. ವೈದ್ಯಕೀಯ ತಳಿಶಾಸ್ತ್ರ ವಿಭಾಗವಿರುವ ಆಸ್ಪತ್ರೆಗೆ ಹೋಗಿ, ಮೊದಲು ಮಾತಾಡಿ, ಆಮೇಲೆ ರಕ್ತ ಕೊಡಿ. ಕಿಟ್‌ನ ಕಚ್ಚಾ ಮಾಹಿತಿಯನ್ನು ಬೇರೆ ಜಾಲತಾಣಕ್ಕೆ ಹಾಕಿ ಓದಿಸುವಲ್ಲಿ ತಪ್ಪು ಫಲಿತಾಂಶ ಬರುವುದುಂಟು. ಎಪಿಒಇ ತಿಳಿಯಲು ಎರಡು ಜಾಗಗಳನ್ನು ಒಟ್ಟಿಗೆ ಓದಬೇಕು. ಒಂದು ತಪ್ಪಿದರೂ ಇ3 ಇದ್ದದ್ದು ಇ4 ಆಗುತ್ತದೆ. ಅಣ್ಣನೂ ತಮ್ಮ ಫಲಿತಾಂಶವನ್ನು ಪ್ರಯೋಗಾಲಯದಲ್ಲಿ ಖಚಿತ ಮಾಡಿಕೊಂಡರೆ ಒಳ್ಳೆಯದು. ವಿಮೆಯ ವಿಚಾರವೂ ಇದೆ. ಅಮೆರಿಕದ 2008ರ ಕಾನೂನು ಆರೋಗ್ಯ ವಿಮೆ ಮತ್ತು ಉದ್ಯೋಗದಲ್ಲಿ ರಕ್ಷಣೆ ಕೊಡುತ್ತದೆ, ಜೀವ ವಿಮೆಗೆ ಕೊಡುವುದಿಲ್ಲ. ನಮ್ಮಲ್ಲಿ ಇದಕ್ಕೆಂದೇ ಪ್ರತ್ಯೇಕ ಕಾನೂನಿಲ್ಲ. ವಿಮೆ ಮಾಡಿಸುವುದಿದ್ದರೆ ಪರೀಕ್ಷೆಗೆ ಮೊದಲೇ ಯೋಚಿಸಿ. ಮಕ್ಕಳಿಗೆ 18 ತುಂಬುವ ಮೊದಲು ಖಂಡಿತ ಬೇಡ. ಅದು ಅವರು ದೊಡ್ಡವರಾಗಿ ತೀರ್ಮಾನಿಸಬೇಕಾದ ವಿಷಯ.

ಒಂದು ಸಂದರ್ಭದಲ್ಲಿ ಈ ಪರೀಕ್ಷೆ ಚಿಕಿತ್ಸೆಗೇ ಬೇಕಾಗುತ್ತದೆ. ಲೆಕಾನೆಮ್ಯಾಬ್, ಡೊನಾನೆಮ್ಯಾಬ್ ಎಂಬ ಅಮಿಲಾಯ್ಡ್ ತೆಗೆಯುವ ಇಂಜೆಕ್ಷನ್‌ಗಳಿಂದ ಮಿದುಳಲ್ಲಿ ಊತ, ರಕ್ತ ಜಿನುಗುವಿಕೆ ಆಗಬಹುದು. ಇ4 ಎರಡು ಪ್ರತಿ ಇದ್ದವರಿಗೆ ಅದು ಹೆಚ್ಚು. ಅಮ್ಮನಿಗೆ ಅಂಥ ಚಿಕಿತ್ಸೆಯ ಮಾತು ಬಂದರೆ ಮೊದಲು ಅವರ ಎಪಿಒಇ ನೋಡಬೇಕು.

ಈಗ ಮಾಡಬೇಕಾದ ಕೆಲಸ

ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆ ನೇಮಿಸಿದ ಆಯೋಗದ 2024ರ ವರದಿ ತಿದ್ದಬಹುದಾದ 14 ಕಾರಣಗಳನ್ನು ಗುರುತಿಸಿ, ಎಲ್ಲವನ್ನೂ ನಿವಾರಿಸಿದರೆ ಜಗತ್ತಿನ ಡಿಮೆನ್ಶಿಯಾದಲ್ಲಿ ಸುಮಾರು ಶೇ 45ರಷ್ಟನ್ನು ತಡೆಯಬಹುದು ಅಥವಾ ಮುಂದೂಡಬಹುದು ಎಂದಿತು. ಅದು ಇಡೀ ಜನಸಮುದಾಯದ ಲೆಕ್ಕ, ‘ನನ್ನ ಅಪಾಯ ಶೇ 45 ಇಳಿಯಿತು’ ಎಂದು ಅರ್ಥವಲ್ಲ. ನಿಮಗೆ ಹೆಚ್ಚು ಹತ್ತಿರವಾದದ್ದು ಬ್ರಿಟನ್ನಿನ 1,96,000ಕ್ಕೂ ಹೆಚ್ಚು ಜನರ ಮೇಲೆ ನಡೆದು 2019ರಲ್ಲಿ ಬಂದ ಅಧ್ಯಯನ. ಜೀನಿನ ಅಪಾಯ ಹೆಚ್ಚಿದ್ದವರಲ್ಲೇ, ಹೊಗೆಸೊಪ್ಪಿನಿಂದ ದೂರವಿದ್ದು, ವ್ಯಾಯಾಮ ಮಾಡಿ, ಹಿತಮಿತವಾಗಿ ಉಂಡು, ಮದ್ಯ ಮಿತಿಯಲ್ಲಿಟ್ಟವರಿಗೆ ಹಾಗಿಲ್ಲದವರಿಗಿಂತ ಡಿಮೆನ್ಶಿಯಾ ಶೇ 32ರಷ್ಟು ಕಡಿಮೆ ಇತ್ತು. ಜೀನ್ ಇದ್ದವರಿಗೂ ದಾರಿ ಇದೆ ಎನ್ನುವುದಕ್ಕೆ ಇದು ಸಾಕ್ಷಿ.

ನಿಮ್ಮ ವಯಸ್ಸಿನಲ್ಲಿ ಒಂದೇ ಒಂದು ಕೆಲಸ ಆರಿಸಿಕೊಳ್ಳಿ ಎಂದರೆ ನಾನು ಬಿಪಿ ಎನ್ನುತ್ತೇನೆ. ಚೀನಾದ 326 ಹಳ್ಳಿಗಳಲ್ಲಿ ಸುಮಾರು 34,000 ಜನರ ಬಿಪಿಯನ್ನು ಹಳ್ಳಿಯ ಆರೋಗ್ಯ ಕಾರ್ಯಕರ್ತರೇ ನಾಲ್ಕು ವರ್ಷ ಬಿಗಿಯಾಗಿ ಹತೋಟಿಯಲ್ಲಿಟ್ಟಾಗ ಡಿಮೆನ್ಶಿಯಾ ಶೇ 15 ಕಡಿಮೆಯಾಯಿತು. ಈ ಫಲಿತಾಂಶ 2025ರಲ್ಲಿ ಬಂತು. ದೊಡ್ಡ ಆಸ್ಪತ್ರೆ ಬೇಕಾಗಲಿಲ್ಲ, ದುಬಾರಿ ಔಷಧಿ ಬೇಕಾಗಲಿಲ್ಲ. ಅಮೆರಿಕದ 2019ರ ಪ್ರಯೋಗದಲ್ಲಿ ಮೇಲಿನ ಅಂಕಿಯನ್ನು 140ರ ಬದಲು 120ರೊಳಗೆ ಇಡಲು ಪ್ರಯತ್ನಿಸಿದಾಗ ಡಿಮೆನ್ಶಿಯಾಕ್ಕೆ ಮುಂಚಿನ ಹಂತದ ಮರೆವು ಶೇ 19 ಇಳಿಯಿತು.

ಅಳೆಯುವುದರಲ್ಲೇ ಹೆಚ್ಚು ತಪ್ಪಾಗುವುದು. ತೋಳಿಗೆ ಕಟ್ಟುವ ಮಿಷನ್ ತನ್ನಿ, ಮಣಿಕಟ್ಟಿನದು ಬೇಡ. ತೋಳು ದಪ್ಪವಿದ್ದರೆ ದೊಡ್ಡ ಪಟ್ಟಿ ಕೇಳಿ. ಚಿಕ್ಕ ಪಟ್ಟಿ ಕಟ್ಟಿದರೆ ಇಲ್ಲದ ಬಿಪಿಯನ್ನು ಇದೆಯೆಂದು ತೋರಿಸುತ್ತದೆ. ಅಳೆಯುವ ಅರ್ಧ ಗಂಟೆ ಮೊದಲು ಕಾಫಿ ಬೇಡ, ಮೂತ್ರಕ್ಕೆ ಹೋಗಿ ಬಂದು ಕೂರಬೇಕು. ಬೆನ್ನಿಗೆ ಆಸರೆ, ಪಾದ ನೆಲದ ಮೇಲೆ, ಕಾಲ ಮೇಲೆ ಕಾಲು ಹಾಕಬಾರದು, ತೋಳು ಎದೆಯ ಮಟ್ಟಕ್ಕೆ ಮೇಜಿನ ಮೇಲೆ. ಐದು ನಿಮಿಷ ಸುಮ್ಮನಿದ್ದು, ಒಂದು ನಿಮಿಷದ ಅಂತರದಲ್ಲಿ ಎರಡು ಸಲ. ಬೆಳಿಗ್ಗೆ ಮಾತ್ರೆಗೆ ಮೊದಲು, ಮತ್ತೆ ರಾತ್ರಿ. ಹೀಗೆ ಏಳು ದಿನ. ಮೊದಲ ದಿನದ್ದನ್ನು ಬಿಟ್ಟು ಉಳಿದವುಗಳ ಸರಾಸರಿ ತೆಗೆಯಿರಿ. 135/85 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಡಾಕ್ಟರನ್ನು ಕಾಣಬೇಕು. ಮಾತ್ರೆ ಶುರುವಾದ ಮೇಲೆ ನಮ್ಮಲ್ಲಿ ಎಲ್ಲರೂ ಎಡವುವ ಜಾಗ ಒಂದೇ: ಅಂಕಿ ಸರಿಹೋಯಿತೆಂದು ನಿಲ್ಲಿಸುವುದು. ಅಂಕಿ ಸರಿಹೋದದ್ದೇ ಮಾತ್ರೆಯಿಂದ. ಅಪ್ಪನ ವಿಷಯದಲ್ಲಿ ಎಚ್ಚರ ಇನ್ನೊಂದು: 81ರಲ್ಲಿ ಎದ್ದು ನಿಂತಾಗ ಬಿಪಿ ತೀರ ಇಳಿದು ಬೀಳುವುದುಂಟು. ಕೂತು ಅಳೆದ ಮೇಲೆ, ನಿಂತು ಮೂರು ನಿಮಿಷದೊಳಗೂ ಅಳೆದು ಡಾಕ್ಟರಿಗೆ ತೋರಿಸಿ.

ಉಪ್ಪಿನ ಲೆಕ್ಕ ಸುಲಭ. ಒಬ್ಬರಿಗೆ ದಿನಕ್ಕೆ 5 ಗ್ರಾಮಿನೊಳಗೆ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ನಾಲ್ಕು ಜನರ ಮನೆಯಲ್ಲಿ ಒಂದು ಕಿಲೋ ಉಪ್ಪು 50 ದಿನ ಬರಬೇಕು, ಅದೂ ಉಪ್ಪಿನಕಾಯಿ, ಹಪ್ಪಳ, ಸಂಡಿಗೆ, ಬೇಕರಿ ಖಾರದ ಉಪ್ಪನ್ನು ಸೇರಿಸಿ. ಪ್ಯಾಕೆಟ್ ಒಡೆದ ದಿನ ಅದರ ಮೇಲೆ ತಾರೀಕು ಬರೆದಿಡಿ, ನಿಜ ಗೊತ್ತಾಗುತ್ತದೆ. ಸೋಡಿಯಂ ಕಡಿಮೆ ಇರುವ ಉಪ್ಪಿನಲ್ಲಿ ಪೊಟ್ಯಾಸಿಯಂ ಇರುತ್ತದೆ. ಕಿಡ್ನಿ ತೊಂದರೆ ಇದ್ದವರು, ಟೆಲ್ಮಿಸಾರ್ಟಾನ್‌ನಂಥ ಬಿಪಿ ಮಾತ್ರೆಯವರು ಕೇಳದೆ ಬಳಸಬಾರದು.

ಎಲ್‌ಡಿಎಲ್ (ಕೆಟ್ಟ) ಕೊಲೆಸ್ಟರಾಲ್ 2024ರ ಲ್ಯಾನ್ಸೆಟ್ ಪಟ್ಟಿಗೆ ಹೊಸದಾಗಿ ಸೇರಿದ ಕಾರಣ, ಇ4 ಇದ್ದವರಲ್ಲಿ ಅದು ತುಸು ಏರಿಯೇ ಇರುತ್ತದೆ. ನೀವು ಇನ್ನೂ ಪರೀಕ್ಷಿಸಿಲ್ಲದಿದ್ದರೆ ಈ ತಿಂಗಳೇ ಮಾಡಿಸಿ. ಕೊಲೆಸ್ಟರಾಲ್ ಇಳಿಸುವ ಸ್ಟಾಟಿನ್ ಮಾತ್ರೆ ನೆನಪು ಕೆಡಿಸುತ್ತದೆ ಎಂಬ ಭಯ ಬೇಡ, ದೊಡ್ಡ ಪ್ರಯೋಗಗಳಲ್ಲಿ ಹಾಗೆ ಕಂಡಿಲ್ಲ. ಸಕ್ಕರೆಗೆ ಎಚ್‌ಬಿಎ1ಸಿ (ಮೂರು ತಿಂಗಳ ಸರಾಸರಿ ತೋರಿಸುವ ರಕ್ತಪರೀಕ್ಷೆ) ವರ್ಷಕ್ಕೊಮ್ಮೆ ಸಾಕು. ಮನೆಯ ಹಿರಿಯರಿಗೆ ಸಕ್ಕರೆ ಇಳಿಸುವ ಗ್ಲಿಮೆಪಿರೈಡ್, ಗ್ಲಿಬೆನ್‌ಕ್ಲಮೈಡ್‌ನಂಥ ಮಾತ್ರೆ ಇದ್ದರೆ, ಊಟ ಮರೆತು ಮಾತ್ರೆ ಮಾತ್ರ ನುಂಗುವ ಅಪಾಯ ಇದೆ. ಸಕ್ಕರೆ ತೀರ ಇಳಿಯುವುದೂ ಮಿದುಳಿಗೆ ಕೆಡುಕು.

ಕಿವಿಯನ್ನು ನಮ್ಮವರು ಲೆಕ್ಕಕ್ಕೇ ಇಡುವುದಿಲ್ಲ. ಲ್ಯಾನ್ಸೆಟ್ ಪಟ್ಟಿಯಲ್ಲಿ ಎಲ್‌ಡಿಎಲ್ ಜೊತೆಗೆ ಮೊದಲ ಸ್ಥಾನ ಕಿವುಡಿಗೇ, ತಲಾ ಶೇ 7. ಸದ್ದು ಸರಿಯಾಗಿ ಕೇಳದವರು ಮಾತು ಹಿಡಿಯುವುದರಲ್ಲೇ ದಣಿಯುತ್ತಾರೆ, ಆಮೇಲೆ ಮಾತಿನಿಂದಲೇ ಹಿಂದೆ ಸರಿಯುತ್ತಾರೆ. ಅಮೆರಿಕದ 2023ರ ಪ್ರಯೋಗದಲ್ಲಿ ಶ್ರವಣ ಸಾಧನ ಎಲ್ಲರಿಗೂ ಗುಣ ತೋರಲಿಲ್ಲ; ಅಪಾಯ ಹೆಚ್ಚಿದ್ದ ಹಿರಿಯರ ಗುಂಪಿನಲ್ಲಿ ಮಾತ್ರ ಮೂರು ವರ್ಷದಲ್ಲಿ ಬುದ್ಧಿಶಕ್ತಿಯ ಕುಸಿತ ಶೇ 48 ನಿಧಾನವಾಯಿತು. ಅಪ್ಪ–ಅಮ್ಮ ಇಬ್ಬರಿಗೂ ಕಿವಿ ಪರೀಕ್ಷೆ ಮಾಡಿಸಿ, ಮೊದಲು ಗುಗ್ಗೆ ತೆಗೆಸಿ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದಕ್ಕೇ ಇರುವ ಸರ್ಕಾರಿ ಸಂಸ್ಥೆ. ಸಾಧನ ಕೊಂಡು ಡ್ರಾಯರಿನಲ್ಲಿ ಇಡುವವರೇ ಹೆಚ್ಚು. ಕಾರಣ, ಮೊದಲ ವಾರ ಪಾತ್ರೆ ಸದ್ದೂ ಫ್ಯಾನ್ ಸದ್ದೂ ಕಿವಿಗೆ ರಾಚುತ್ತದೆ. ದಿನಕ್ಕೆ ಒಂದೆರಡು ಗಂಟೆಯಿಂದ ಶುರುಮಾಡಿ, ವಾರಗಳಲ್ಲಿ ಇಡೀ ದಿನಕ್ಕೆ ಏರಿಸಿ, ನಡುವೆ ಎರಡು ಮೂರು ಸಲ ಹೋಗಿ ಟ್ಯೂನ್ ಮಾಡಿಸಿಕೊಂಡರೆ ಒಗ್ಗುತ್ತದೆ. ಕಣ್ಣಿನ ಪೊರೆಯನ್ನೂ ಇಟ್ಟುಕೊಂಡು ಕೂರಬೇಡಿ.

ಉಳಿದದ್ದು ಚುಟುಕಾಗಿ. ವಾರಕ್ಕೆ 150 ನಿಮಿಷ ಬಿರುಸು ನಡಿಗೆ, ಮಾತಾಡಬಹುದು ಆದರೆ ಹಾಡಲಾಗದಷ್ಟು ವೇಗ. ಸ್ಕೂಟರಿನಲ್ಲಿ ಹಿಂದೆ ಕೂತಾಗಲೂ ಹೆಲ್ಮೆಟ್, ಏಕೆಂದರೆ ತಲೆಪೆಟ್ಟೂ ಪಟ್ಟಿಯಲ್ಲಿದೆ. ಬಚ್ಚಲೊಲೆಯ ಸೌದೆ ಹೊಗೆ ಮನೆಯೊಳಗೆ ನಿಲ್ಲಬಾರದು. ಜೋರು ಗೊರಕೆ, ನಡುವೆ ಉಸಿರು ನಿಂತಂತಾಗುವುದು ಇದ್ದರೆ ನಿದ್ರೆಯ ಪರೀಕ್ಷೆ ಮಾಡಿಸಿ. ಅಪ್ಪನಿಗೆ ಸರ್ಪಸುತ್ತಿನ ಲಸಿಕೆಯ ಬಗ್ಗೆ ಡಾಕ್ಟರನ್ನು ಕೇಳಿ. ವೇಲ್ಸ್‌ನಲ್ಲಿ ಅದರ ಹಳೆಯ ಬಗೆಯ ಲಸಿಕೆ ಪಡೆದವರಲ್ಲಿ ಏಳು ವರ್ಷದಲ್ಲಿ ಡಿಮೆನ್ಶಿಯಾ ಸುಮಾರು ಶೇ 20 ಕಡಿಮೆ ಇತ್ತು ಎಂದು 2025ರಲ್ಲಿ ವರದಿಯಾಗಿದೆ. ಎರಡು ಮೂರು ಭಾಷೆ ಆಡುತ್ತೀರಾದರೆ ಬಿಡಬೇಡಿ. ನರರೋಗ ತಜ್ಞೆ ಸುವರ್ಣಾ ಅಲ್ಲಾಡಿ ಅವರ ತಂಡ ಹೈದರಾಬಾದಿನಲ್ಲಿ 648 ರೋಗಿಗಳನ್ನು ನೋಡಿದಾಗ, ಒಂದಕ್ಕಿಂತ ಹೆಚ್ಚು ಭಾಷೆ ಆಡುವವರಲ್ಲಿ ಡಿಮೆನ್ಶಿಯಾ ಸರಾಸರಿ ನಾಲ್ಕೂವರೆ ವರ್ಷ ತಡವಾಗಿ ಶುರುವಾಗಿತ್ತು, ಓದುಬರಹ ಬಾರದವರಲ್ಲೂ.

ಮಾರುಕಟ್ಟೆಯ ನೆನಪಿನ ಮಾತ್ರೆಗಳಿಗೆ ಹಣ ಹಾಕಬೇಡಿ. ಗಿಂಕೊ ಸೊಪ್ಪಿನ ಸಾರವನ್ನು ಮೂರು ಸಾವಿರಕ್ಕೂ ಹೆಚ್ಚು ಹಿರಿಯರಿಗೆ ವರ್ಷಗಟ್ಟಲೆ ಕೊಟ್ಟು ನೋಡಿದ 2008ರ ಪ್ರಯೋಗದಲ್ಲಿ ಡಿಮೆನ್ಶಿಯಾ ಕಡಿಮೆಯಾಗಲಿಲ್ಲ. ಒಂದೆಲಗದ ತಂಬುಳಿ ಊಟಕ್ಕೆ ಚೆನ್ನ, ಮಾಡಿ ಉಣ್ಣಿ. ಬಿಪಿ ಮಾತ್ರೆಯ ಬದಲಿಗೆ ಅಲ್ಲ.

ಅಮ್ಮನ ಬಗ್ಗೆ, ನಿಮ್ಮ ಮರೆವಿನ ಬಗ್ಗೆ

ಅಮ್ಮನ ಫೈಲ್ ತೆಗೆದು ಈ ಪರೀಕ್ಷೆಗಳು ಆಗಿವೆಯೇ ನೋಡಿ: ಬಿ12, ಥೈರಾಯ್ಡ್ (ಟಿಎಸ್‌ಎಚ್), ಸೋಡಿಯಂ, ಕಿಡ್ನಿ, ಮಿದುಳಿನ ಸ್ಕ್ಯಾನ್. ಸಸ್ಯಾಹಾರಿಗಳಲ್ಲಿ, ಬಹುಕಾಲ ಸಕ್ಕರೆ ಕಾಯಿಲೆಯ ಮೆಟ್‌ಫಾರ್ಮಿನ್ ಅಥವಾ ಆಸಿಡಿಟಿಯ ಪ್ಯಾಂಟೊಪ್ರಜೋಲ್ ತಿಂದವರಲ್ಲಿ ಬಿ12 ಕೊರತೆ ಬಹಳ. ಮಿಲಿಲೀಟರಿಗೆ 200 ಪಿಕೊಗ್ರಾಮಿಗಿಂತ ಕಡಿಮೆಯಿದ್ದರೆ ಕೊರತೆ. 200–300 ಅನುಮಾನದ ಮಟ್ಟ, ಅಲ್ಲಿ ಬೇರೆ ಪರೀಕ್ಷೆ ಬೇಕು. ಮಾತ್ರೆಗಳ ಪಟ್ಟಿಯನ್ನೂ ತೋರಿಸಿ. ನೆಗಡಿ ಮಾತ್ರೆಯ ಕ್ಲೋರ್‌ಫೆನಿರಮೈನ್, ನಿದ್ರೆಗೂ ನೋವಿಗೂ ಕೊಡುವ ಅಮಿಟ್ರಿಪ್ಟಿಲೀನ್, ಕೈನಡುಕಕ್ಕೆ ಕೊಡುವ ಟ್ರೈಹೆಕ್ಸಿಫೆನಿಡಿಲ್, ಇವು ಮುಪ್ಪಿನಲ್ಲಿ ಮರೆವನ್ನು ಹೆಚ್ಚಿಸುತ್ತವೆ. ಇವನ್ನೆಲ್ಲ ಸರಿಪಡಿಸಿದರೂ ಆಲ್ಜೈಮರ್ಸ್ ಹೋಗುವುದಿಲ್ಲ, ಆದರೆ ಅದರ ಮೇಲೆ ಕೂತಿರುವ ಹೆಚ್ಚುವರಿ ಮಂಕು ಇಳಿಯುತ್ತದೆ. ಅಮ್ಮನ ಮಟ್ಟಿಗೆ ಅದು ಸಣ್ಣ ಲಾಭವಲ್ಲ.

46ರಲ್ಲಿ ಹೆಸರು ತಟ್ಟನೆ ಬಾರದೆ ಆಮೇಲೆ ನೆನಪಾಗುವುದು ಆಲ್ಜೈಮರ್ಸ್‌ನ ರೀತಿ ಅಲ್ಲ. ಮುಟ್ಟು ನಿಲ್ಲುವ ಸಮಯದ ಏರುಪೇರು, ಕೆಟ್ಟ ನಿದ್ರೆ, ಥೈರಾಯ್ಡ್, ಬಿ12, ಮನಸ್ಸಿನ ಬೇಗುದಿ ಇವೇ ಈ ವಯಸ್ಸಿನ ಸಾಮಾನ್ಯ ಕಾರಣಗಳು. ಅಮ್ಮನ ಆರೈಕೆಯ ಭಾರವೂ ನಿಮ್ಮ ಮೇಲಿದೆ. ನೆನಪಿಗೆಂದು ಹಾರ್ಮೋನ್ ಮಾತ್ರೆ ಬೇಡ. ತಡಮಾಡದೆ ತೋರಿಸಬೇಕಾದದ್ದು ಇಂಥದ್ದಿದ್ದಾಗ: ಒಂದೇ ಪ್ರಶ್ನೆಯನ್ನು ಅರ್ಧ ಗಂಟೆಯೊಳಗೆ ಮತ್ತೆ ಮತ್ತೆ ಕೇಳುವುದು, ಪರಿಚಿತ ದಾರಿ ತಪ್ಪುವುದು, ದಿನವೂ ಮಾಡುವ ಅಡುಗೆಯ ಕ್ರಮ ತಪ್ಪುವುದು, ಹಣದ ಲೆಕ್ಕ ಹಿಡಿಯಲಾಗದಿರುವುದು, ಅದೂ ನಿಮಗಿಂತ ಮೊದಲು ಮನೆಯವರ ಗಮನಕ್ಕೆ ಬಂದಿರುವುದು.

ನೆನಪಿನ ಪರೀಕ್ಷೆಯನ್ನು ಕನ್ನಡದಲ್ಲೇ ಮಾಡಿಸಿ. ಇಂಗ್ಲಿಷಿನದನ್ನು ಅಲ್ಲಲ್ಲೇ ಅನುವಾದಿಸಿ ಕೇಳಿದರೆ, ಹೆಚ್ಚು ಓದದ ಹಿರಿಯರು ಕಾಯಿಲೆಯಿಲ್ಲದೆಯೂ ಕಡಿಮೆ ಅಂಕ ಪಡೆಯುತ್ತಾರೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಸಿದ್ಧಪಡಿಸಿದ ಪರೀಕ್ಷಾ ಸರಣಿ ಕನ್ನಡದಲ್ಲೂ ಇದೆ. ನಿಮ್ಹಾನ್ಸ್‌ನಂಥ ಸಂಸ್ಥೆಗೆ ಹೋದಾಗ ಅದನ್ನೇ ಕೇಳಿ. ಆರೈಕೆಯ ದಣಿವಿನಲ್ಲಿ ನಿಮಗೇ ಮಾತಾಡಬೇಕೆನಿಸಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್ ಸಂಖ್ಯೆ 14416, ಹಿರಿಯರ ಸಹಾಯವಾಣಿ 14567; ಎರಡೂ ಉಚಿತ, ಕನ್ನಡದಲ್ಲೇ ಮಾತಾಡಬಹುದು.